ಅಕ್ಕನ್ನ ಕೇಳಿ: ಮೂರು ಪೇಷಂಟ್, ಒಂದೇ ಕೇರ್ ಪ್ಲ್ಯಾನ್

ಪ್ರಶ್ನೆ: ಅಕ್ಕಾ, ನಾನು ಬಿಎಸ್ಸಿ ನರ್ಸಿಂಗ್ ಓದ್ತಿದೀನಿ. ಮೆಡಿಸಿನ್ ವಾರ್ಡಲ್ಲಿ ಮೂರು ಪೇಷಂಟ್ ಕೊಟ್ಟಿದ್ರು, ಒಬ್ಬ ಬೀಡಿ ಸೇದಿ ಸೇದಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟೋ ಶ್ವಾಸಕೋಶದ ಕಾಯಿಲೆ) ಬಂದಿರೋ ತಾತ, ಒಬ್ರು ಹಾರ್ಟ್ ಫೇಲ್ಯೂರ್, ಇನ್ನೊಬ್ರಿಗೆ ಹಿಂದಿನ ದಿನ ಲಕ್ವ ಹೊಡೆದಿತ್ತು. ಮೂರೂ ಜನಕ್ಕೆ ಆಕ್ಸಿಜನ್ ಜಾಸ್ತಿ ಇಡೋದು, ಚೆನ್ನಾಗಿ ನೀರು ಕುಡಿಸೋದು, ಮಗ್ಗುಲು ಬದಲಾಯಿಸೋದು ಅಂತ ಕೇರ್ ಪ್ಲ್ಯಾನಲ್ಲಿ, ಅಂದ್ರೆ ಯಾರಿಗೆ ಏನೇನ್ ಆರೈಕೆ ಅನ್ನೋ ಪಟ್ಟೀಲಿ, ಬರ್ದೆ. ಇನ್‌ಚಾರ್ಜ್ ಸಿಸ್ಟರ್ ಫೈಲ್ ವಾಪಸ್ ಎಸೆದ್ರು. ತಪ್ಪು ಎಲ್ಲಿ?

ಉತ್ತರ: ತಂಗಿ, ಮಗ್ಗುಲು ಬದಲಾಯಿಸೋದು ಒಂದು ಉಳೀತು ನೋಡು, ಏಳೋಕೆ ಆಗದವ್ರಿಗೆ ಅದು ಬೇಕೇ ಬೇಕು. ಮಿಕ್ಕಿದ್ದು ತೊಂದ್ರೆ.

ತಾತನ ಉಸಿರಾಟ ನೋಡಿ ಗಾಬರಿಯಾಗಿ ಆಕ್ಸಿಜನ್ ಫುಲ್ ತಿರುಗಿಸಿಬಿಡೋದು ಎಲ್ಲಾ ಹೊಸಬರೂ ಮಾಡೋದೇ, ಆದ್ರೆ ಸಿಒಪಿಡಿಯವ್ರಿಗೆ ಮಿತಿ ಮೀರಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಹತ್ತತ್ತೆ, ಅದಕ್ಕೇ ಅವ್ರಿಗೆ ಸಾಮಾನ್ಯವಾಗಿ ಸ್ಯಾಚುರೇಶನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) ಶೇಕಡಾ 88ರಿಂದ 92 ಇದ್ರೆ ಸಾಕು ಅಂತಾರೆ, 99 ಬರ್ಲಿ ಅಂತ ಹಠ ಮಾಡ್ಬೇಡ. ದಿಂಬು ಒರಗಿಸಿ ಕೂರ್ಸು, ಮುಂದಕ್ಕೆ ಬಾಗಿ ಟೇಬಲ್ ಮೇಲೆ ಕೈ ಊರ್ಲಿ, ತುಟಿ ಮೊನೆ ಮಾಡಿ ನಿಧಾನಕ್ಕೆ ಉಸಿರು ಬಿಡೋದು ಹೇಳ್ಕೊಡು.

ಹಾರ್ಟ್ ಫೇಲ್ಯೂರ್ ಅವ್ರಿಗೂ ದಮ್ಮೇ, ಆದ್ರೆ ಇಲ್ಲಿ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡಿರತ್ತೆ. ನೀನು ಜಗ್ಗಲ್ಲಿ ನೀರು ಕುಡಿಸ್ತೀನಿ ಅಂದ್ರೆ ಸಿಸ್ಟರ್ ಎಸೀದೆ ಇನ್ನೇನ್ ಮಾಡ್ತಾರೆ? ಡಾಕ್ಟ್ರು ಹೇಳಿದಷ್ಟೇ ಕೊಡು, ಮೂತ್ರ ಅಳೆದು ಬರಿ, ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಅದೇ ತಕ್ಕಡೀಲಿ ತೂಕ ನೋಡು. ರಾತ್ರೋರಾತ್ರಿ ಒಂದು ಕೆಜಿ ಏರಿದ್ರೆ ಅದು ಕೊಬ್ಬಲ್ಲ, ನೀರು.

ಲಕ್ವದವ್ರಿಗೆ ನುಂಗೋಕೆ ಬರತ್ತಾ ಅಂತ ಚೆಕ್ ಮಾಡೋವರ್ಗೂ ಬಾಯಿಗೆ ಏನೂ ಬೇಡ, ಮಾತ್ರೆ ಕೂಡ. ಮನೆಯವ್ರು ಪ್ರೀತಿಯಿಂದ ಎಳನೀರು ತಂದಿರ್ತಾರೆ, ಅವ್ರನ್ನ ತಡಿಯೋದೂ ನಿನ್ ಡ್ಯೂಟಿನೇ, ಶ್ವಾಸನಾಳಕ್ಕೆ ಹೋದ್ರೆ ನ್ಯುಮೋನಿಯಾ.

ನಾನೂ ಹೊಸದ್ರಲ್ಲಿ ಒಬ್ಬ ಸಕ್ಕರೆ ಕಾಯಿಲೆಯವ್ರು ರಾತ್ರಿ ಬೆವತು ಬೈತಿದ್ದಾಗ "ಇವರ ಸ್ವಭಾವವೇ ಹೀಗೆ" ಅಂತ ಹಾಳೆ ತಿರುಗಿಸ್ತಾ ಕೂತಿದ್ದೆ. ಸೀನಿಯರ್ ಬಂದು ಬೆರಳು ಚುಚ್ಚಿ ನೋಡಿದ್ರೆ ಶುಗರ್ 48, ತೀರಾ ಕಮ್ಮಿ! ಎಚ್ಚರ ಇದ್ರು, ನುಂಗ್ತಿದ್ರು, ಹಾಗಾಗಿ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಿದ್ವಿ. ಎಚ್ಚರ ಇಲ್ದಿದ್ರೆ ಬಾಯಿಗೆ ಹಾಕೋ ಹಾಗೇ ಇಲ್ಲ, ಡಾಕ್ಟ್ರನ್ನ ಕರ್ದು ರಕ್ತನಾಳಕ್ಕೇ ಗ್ಲೂಕೋಸ್. ಅಂದ್ರೆ ಕಾಯಿಲೆ ಹೆಸರು ಫೈಲಲ್ಲಿರತ್ತೆ, ಏನ್ ಮಾಡ್ಬೇಕು ಅನ್ನೋದು ಮಂಚದ ಮೇಲಿರೋರನ್ನ ನೋಡಿದ್ಮೇಲೆ. ಮೊದ್ಲು ಕಂಡಿದ್ದು ಬರಿ, ಆಮೇಲೆ ಮಾಡೋದು ಬರಿ, ಮಾಡಿದ್ಮೇಲೆ ಏನಾಯ್ತು ಅದನ್ನೂ ಬರಿ.

ಪ್ರಶ್ನೆ: ಅತ್ತೆ ಮಲಗಿದಲ್ಲೇ ಇದಾರೆ, ಸೊಂಟದ ಕೆಳಗೆ ಕೆಂಪಾಗಿದೆ, ಸ್ಪಿರಿಟ್ ಹಾಕಿ ಉಜ್ಜಲಾ?

ಉತ್ತರ: ಉಜ್ಜಲೇ ಬೇಡಿ, ಒಳಗಿನ ಚರ್ಮ ಇನ್ನೂ ಹಾಳಾಗತ್ತೆ. ಬೆರಳಲ್ಲಿ ಒತ್ತಿ ಬಿಡಿ, ಬೆಳ್ಳಗಾಗದೆ ಕೆಂಪಾಗೇ ಉಳಿದ್ರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಆ ಮಗ್ಗುಲಿಗೆ ಭಾರ ಬೀಳದ ಹಾಗೆ ಮಲಗಿಸಿ, ಹಾಸಿಗೆ ಒದ್ದೆ ಇರದ ಹಾಗೆ ನೋಡ್ಕೊಳಿ, ನಾಳೆನೇ ಡಾಕ್ಟ್ರಿಗೆ ತೋರ್ಸಿ.