ಓದುಗರ ಪ್ರಶ್ನೆ: ಬೆಟ್ಟದ ಆಲೂಗಡ್ಡೆಯನ್ನು ಪ್ರನಾಳದಲ್ಲಿಟ್ಟರೆ ಸಾಲದೇ?

ಪ್ರಶ್ನೆ: ಪೆರುವಿನ ಬೆಟ್ಟದ ಸಣ್ಣ ರೈತರು ಹಳೆಯ ಆಲೂಗಡ್ಡೆ ತಳಿಗಳನ್ನು ಕೈಬಿಡುತ್ತಿದ್ದಾರಂತೆ. ತಳಿಗಳೆಲ್ಲ ಸಂಗ್ರಹಾಲಯದಲ್ಲಿ ಭದ್ರವಾಗಿವೆಯಲ್ಲ, ಚಿಂತೆ ಏಕೆ? (ಜಯನಗರದ ಓದುಗರು)

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಕೇಳುವವರ ಬಡಾವಣೆ ಮಾತ್ರ ಬದಲಾಗುತ್ತದೆ. ಪೆರುವಿನ ರಾಜಧಾನಿ ಲಿಮಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸ್ಥಾಪನೆಯಾದದ್ದು 1971ರಲ್ಲಿ. ಆಂಡೀಸ್ ಬೆಟ್ಟಸಾಲಿನ ಸಾವಿರಾರು ತಳಿಗಳು ಅಲ್ಲಿ ಪ್ರನಾಳಗಳಲ್ಲಿವೆ, ನಿಜ. ಆದರೆ ಪ್ರನಾಳದೊಳಗಿರುವುದು ಬೆರಳುದ್ದದ ಎಳೆ ಸಸಿ. ಅದು ಮಂಜನ್ನೂ ಕಂಡಿಲ್ಲ, ಎಲೆ-ಗಡ್ಡೆ ಕೊಳೆಸುವ ಅಂಗಮಾರಿ ರೋಗವನ್ನೂ ಕಂಡಿಲ್ಲ. ರೋಗಾಣುವಾದರೋ ಹೊರಗೆ ರೂಪ ಬದಲಿಸುತ್ತಲೇ ಇರುತ್ತದೆ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿರುವ ಜಾಗತಿಕ ಬೀಜ ಉಗ್ರಾಣದಲ್ಲಿರುವುದು ಬೀಜ. ಆಲೂಗಡ್ಡೆಯ ಬೀಜದಿಂದ ತಾಯಿಯಂಥದೇ ಗಿಡ ಬರುವುದಿಲ್ಲ.

ಸಂಗ್ರಹಾಲಯ ಬೇಡವೆಂದು ನಾನು ಹೇಳುತ್ತಿಲ್ಲ. ಕುಸ್ಕೊ ಬಳಿಯ ಆಲೂಗಡ್ಡೆ ಉದ್ಯಾನದ, ಅಲ್ಲಿನ ಮೂಲನಿವಾಸಿಗಳಾದ ಕ್ವೆಚುವಾ ಜನರ ಊರುಗಳಿಗೆ ಕಳೆದುಹೋಗಿದ್ದ ತಳಿಗಳು ಮರಳಿದ್ದು ಲಿಮಾದಿಂದಲೇ. ಮರಳಿ ಬಂದದ್ದನ್ನು ಯಾವ ಇಳಿಜಾರಿನಲ್ಲಿ ಊರಬೇಕೆಂದು ಬಲ್ಲವರು ಊರಿನಲ್ಲಿ ಉಳಿದಿರಬೇಕಲ್ಲ? ಅವರು ಒಂದೇ ತುಂಡು ಹೊಲದಲ್ಲಿ ಹತ್ತಾರು ತಳಿ ಬೆರೆಸಿ ಊರುತ್ತಾರೆ. ಮಂಜು ಒಂದನ್ನು ಸುಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಆದರೆ ಸಂತೆಯವರಿಗೆ ಬೇಕಾದದ್ದು ಒಂದೇ ಗಾತ್ರದ ನುಣುಪು ಗಡ್ಡೆ. ಕಣ್ಣು ಆಳಕ್ಕಿಳಿದ ಗಂಟುಗಡ್ಡೆಯನ್ನು ಯಾರೂ ಕೊಳ್ಳುವುದಿಲ್ಲ. ಮೇಲಾಗಿ ಸೆಕೆ ಹೆಚ್ಚಿದಂತೆ ರೋಗ, ಕೀಟಗಳು ಮೇಲೇರುತ್ತಿವೆ. ಬೆಳೆಯನ್ನೂ ಮೇಲಕ್ಕೆ ಒಯ್ಯಬೇಕು, ಬೆಟ್ಟಕ್ಕೊಂದು ತುದಿಯಿದೆ.

ದೂರದ ಮಾತೆನಿಸಿದರೆ ಹಾಸನಕ್ಕೆ ಹೋಗಿ ನೋಡಿ. ಬಿತ್ತನೆ ಗಡ್ಡೆ ಜಲಂಧರ್‌ನಿಂದ ಲಾರಿಯಲ್ಲಿ ಬರಬೇಕು. ಬಹುಪಾಲು ಹೊಲಗಳಲ್ಲಿ ಕುಫ್ರಿ ಜ್ಯೋತಿ ಎಂಬ ಒಂದೇ ತಳಿಯ ದರ್ಬಾರು. 1968ರಲ್ಲಿ ಬಿಡುಗಡೆಯಾದಾಗ ಅದು ಅಂಗಮಾರಿಯನ್ನು ತಡೆಯುತ್ತಿತ್ತು, ಈಗ ತಡೆಯುವುದಿಲ್ಲ. ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎಲೆಯ ಅಡಿ ಬಿಳಿ ಬೂಷ್ಟು, ಆಮೇಲೆ ಊರಿಗೆ ಊರೇ ಕಪ್ಪು.

ಪ್ರಶ್ನೆ: ಗಂಜಲ, ಮಜ್ಜಿಗೆ ಸಿಂಪಡಿಸಿದರೆ ಅಂಗಮಾರಿ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಅದನ್ನೇ ಬಾಟಲಿಗೆ ತುಂಬಿ ‘ಸರ್ವರೋಗಕ್ಕೂ ಮದ್ದು’ ಎಂದು ಮಾರುವವರನ್ನು ಹೊಲದ ಬದುವಿಗೂ ಸೇರಿಸಬೇಡಿ.

ಪ್ರಶ್ನೆ: ಊಟಿಯಿಂದ ಗಡ್ಡೆ ತಂದು ಊರಿನ ತೋಟದಲ್ಲಿ ಊರಬಹುದೇ?

ಉತ್ತರ: ಖಂಡಿತ ಬೇಡ. ಬೇರು ಹೀರುವ ಜಂತುಹುಳು ನೀಲಗಿರಿಯಲ್ಲಿ ಪತ್ತೆಯಾದದ್ದು 1961ರಲ್ಲಿ. ಅಲ್ಲಿಂದ ಬಿತ್ತನೆಗೆ ಗಡ್ಡೆ ಸಾಗಿಸುವುದಕ್ಕೆ ನಿಷೇಧವೇ ಇದೆ. ಗಡ್ಡೆಗೆ ಅಂಟಿದ ಚಿಟಿಕೆ ಮಣ್ಣಿನಲ್ಲೂ ಅದರ ಮೊಟ್ಟೆಗಳಿರಬಹುದು, ವರ್ಷಗಟ್ಟಲೆ ಸಾಯುವುದಿಲ್ಲ. ಊಟಿಯಿಂದ ವರ್ಕಿ ತನ್ನಿ.

ಪ್ರಶ್ನೆ: ನೇರಳೆ ಆಲೂಗಡ್ಡೆ ತಿಂದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಯೇ?

ಉತ್ತರ: ಆಗುವುದಿಲ್ಲ, ಮಾತ್ರೆ ನಿಲ್ಲಿಸಬೇಡಿ.