ಹಿಮ್ಮಡಿಯ ಮುಳ್ಳು ಪುಡಿಯಾಗುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 47 ವರ್ಷ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮಕ್ಕಳ ಜೊತೆ ನಾನೂ ವಾಲಿಬಾಲ್ ಆಡುತ್ತೇನೆ. ಎಂಟು ತಿಂಗಳಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದ ಹಾಗಾಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆದಿದೆಯಂತೆ. ಒಂದು ಕ್ಲಿನಿಕ್‌ನಲ್ಲಿ, ಶಾಕ್‌ವೇವ್ ಹತ್ತು ಸಿಟ್ಟಿಂಗ್ ಮಾಡಿಸಿ, ಕಿಡ್ನಿ ಕಲ್ಲಿನ ಹಾಗೆ ಪುಡಿಯಾಗುತ್ತದೆ ಎಂದರು. ಕರೆಂಟ್ ಶಾಕ್ ಅಂತ ಮನೆಯವರಿಗೆ ಭಯ. ಮಾಡಿಸಲೇ?
— ಒಬ್ಬ ಓದುಗರು, ಸಾಗರ

ಉತ್ತರ: ಮೇಷ್ಟ್ರೇ, ಮೊದಲು ಮನೆಯವರಿಗೆ ಧೈರ್ಯ ಹೇಳಿ. ಇದರಲ್ಲಿ ಮೈಗೆ ಕರೆಂಟ್ ಹಾಯಿಸುವುದಿಲ್ಲ. ನಮ್ಮ ಕಡೆ ಜಾಸ್ತಿ ಇರುವ ಯಂತ್ರಕ್ಕೆ ಪಂಕ್ಚರ್ ಅಂಗಡಿಯಲ್ಲಿರುವಂಥದ್ದೇ ಒಂದು ಸಣ್ಣ ಕಂಪ್ರೆಸರ್ ಇರುತ್ತದೆ. ಕೈಯಲ್ಲಿ ಹಿಡಿಯುವ ಪಿಸ್ತೂಲಿನೊಳಗೆ ಗಾಳಿಯ ಒತ್ತಡಕ್ಕೆ ಒಂದು ಲೋಹದ ಗುಂಡು ಓಡಿ ಬಂದು ತುದಿಗೆ ಬಡಿಯುತ್ತದೆ. ಆ ಏಟು ಅಲೆಯಾಗಿ ಚರ್ಮದ ಒಳಗೆ ಇಳಿಯುತ್ತದೆ. ಅಲೆಯನ್ನು ಇನ್ನೂ ಆಳದಲ್ಲಿ ಒಂದೇ ಜಾಗಕ್ಕೆ ಗುರಿ ಇಡುವ ಇನ್ನೊಂದು ಬಗೆಯ ಯಂತ್ರವೂ ಇದೆ. ಅದು ದುಬಾರಿ.

ಕಿಡ್ನಿ ಕಲ್ಲಿನ ಮಾತು ಅರ್ಧ ನಿಜ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಸಲ ರೋಗಿಯೊಬ್ಬರ ಕಿಡ್ನಿ ಕಲ್ಲನ್ನು ಇಂಥ ಅಲೆಯಿಂದ ಒಡೆದರು. ಅದೇ ವಿದ್ಯೆ ಆಮೇಲೆ ಮೂಳೆ, ಸ್ನಾಯುಗಳ ಕಡೆ ತಿರುಗಿತು. 2000ದಲ್ಲಿ ಅಮೆರಿಕದಲ್ಲಿ ಹಿಮ್ಮಡಿ ನೋವಿಗೆ ಒಪ್ಪಿಗೆಯೂ ಸಿಕ್ಕಿತು. ಆದರೆ ನಿಮ್ಮ ಮುಳ್ಳು ಪುಡಿಯಾಗುವುದಿಲ್ಲ. ನೋವು ಹೋದ ಮೇಲೆ ಎಕ್ಸ್‌ರೇ ತೆಗೆದರೂ ಅದು ಅಲ್ಲೇ ಕೂತಿರುತ್ತದೆ. ಮುಳ್ಳಿದ್ದೂ ನೋವಿಲ್ಲದೆ ಓಡಾಡುವವರು ಎಷ್ಟೋ ಜನ. ತಕರಾರು ಇರುವುದು ಹಿಮ್ಮಡಿಯಿಂದ ಬೆರಳಿನವರೆಗೆ ಹೋಗುವ ನಾರಿನ ಪಟ್ಟಿಯಲ್ಲಿ. ವಾಸಿಯಾಗುವುದನ್ನು ಅರ್ಧಕ್ಕೇ ಬಿಟ್ಟು ಕೂತ ಆ ಪಟ್ಟಿಯನ್ನು ಕೆಣಕಿ ಮತ್ತೆ ಕೆಲಸಕ್ಕೆ ಹಚ್ಚುವುದು ಈ ಏಟಿನ ಉದ್ದೇಶ. (ಭುಜದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿನಲ್ಲಿ ಸುಣ್ಣ ಕಟ್ಟಿದ್ದರೆ ಮಾತ್ರ ಅದು ಕರಗಲು ಈ ಅಲೆ ನೆರವಾಗುವುದುಂಟು. ಕ್ಲಿನಿಕ್‌ನವರು ಎರಡನ್ನೂ ಕಲಸಿದರೇನೋ.)

ನಾನೂ ಮಾಡಿಸಿಕೊಂಡವಳೇ. ದಿನವಿಡೀ ಟೈಲ್ಸ್ ಮೇಲೆ ನಿಂತು ಎಡ ಹಿಮ್ಮಡಿ ಹಿಡಿದುಕೊಂಡಿತ್ತು. ಬೇರೆಯವರಿಗೆ ‘ಸ್ವಲ್ಪ ತಡ್ಕೊಳ್ಳಿ’ ಅನ್ನುವುದು ಸುಲಭ, ಅಲ್ವಾ? ನನ್ನ ಕಾಲಿಗೆ ಜೆಲ್ ಹಚ್ಚಿ ಟಕಟಕ ಶುರು ಮಾಡಿದಾಗ ಮಂಚದ ಅಂಚು ಹಿಡಿದುಕೊಂಡೆ. ಸೆಕೆಂಡಿಗೆ ಹತ್ತು ಏಟಿನಂತೆ ಎರಡು ಸಾವಿರ. ಲೆಕ್ಕಕ್ಕೆ ಮೂರೂವರೆ ನಿಮಿಷವೂ ಇಲ್ಲ, ನನಗೆ ಅರ್ಧ ಗಂಟೆ! ಜೋಮು ಹಿಡಿಸುವ ಇಂಜೆಕ್ಷನ್ ಕೇಳಬೇಡಿ, ಅದರಿಂದ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ. ವಾರಕ್ಕೊಂದರಂತೆ ಮೂರು ಸಿಟ್ಟಿಂಗ್ ಮುಗಿದರೂ ನನಗೇನೂ ಗೊತ್ತಾಗಲಿಲ್ಲ. ಹತ್ತನೇ ವಾರಕ್ಕೆ ಬೆಳಗಿನ ಮೊದಲ ಹೆಜ್ಜೆ ಹಗುರಾಯಿತು. ಯಂತ್ರದಿಂದಲೋ, ವ್ಯಾಯಾಮದಿಂದಲೋ, ಸುಮ್ನೆ ದಿನ ಕಳೆದದ್ದರಿಂದಲೋ? ಆಣೆ ಮಾಡಿ ಹೇಳಲಾರೆ. ಈ ನೋವು ಬಹಳ ಮಂದಿಗೆ ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ.

ಹಾಗಾಗಿ ಹತ್ತು ಸಿಟ್ಟಿಂಗ್‌ಗೆ ಮೊದಲೇ ದುಡ್ಡು ಕಟ್ಟಬೇಡಿ. ಸಾಮಾನ್ಯವಾಗಿ ಮೂರರಿಂದ ಐದು ಸಾಕು. ಅದಕ್ಕೂ ಮೊದಲು ಮೂರು ತಿಂಗಳು ಇದನ್ನು ಮಾಡಿ: ಟವೆಲ್ ಸುರುಳಿ ಸುತ್ತಿ ಮೆಟ್ಟಿಲಿನ ಮೇಲಿಡಿ. ಬೆರಳುಗಳು ಅದರ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಗೋಡೆ ಹಿಡಿದು, ನೋವಿರುವ ಕಾಲಿನಲ್ಲೇ ಮೂರು ಎಣಿಸುತ್ತಾ ಮೇಲೇಳಿ, ಎರಡು ಎಣಿಸುವವರೆಗೆ ನಿಲ್ಲಿ, ಮೂರು ಎಣಿಸುತ್ತಾ ಇಳಿಯಿರಿ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಇದರಿಂದಲೂ ಜಗ್ಗದಿದ್ದರೆ ಶಾಕ್‌ವೇವ್ ಮಾಡಿಸಿ. ಆಗಲೂ ವ್ಯಾಯಾಮ ಬಿಡಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ, ಪಾದದಲ್ಲಿ ಸ್ಪರ್ಶ ತಿಳಿಯದಷ್ಟು ಸಕ್ಕರೆ ಕಾಯಿಲೆ, ಈಚೆಗೆ ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ — ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ. ನೀವು ಜಿಗಿಯುವವರು ಬೇರೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಂಗೈಯಲ್ಲಿ ಒತ್ತಿ ನೋಡಿ. ಜೀವ ಹೋಗುವಷ್ಟು ನೋವಾದರೆ ಮೂಳೆ ಬಿರುಕು ಬಿಟ್ಟಿರಬಹುದು. ಆಗ ಯಂತ್ರವೂ ಬೇಡ, ಟವೆಲ್ಲೂ ಬೇಡ. ಮೂಳೆ ಡಾಕ್ಟರನ್ನು ಕಾಣಿ.

ಅಲ್ಲಿಯವರೆಗೆ ಸ್ಮ್ಯಾಶ್ ಹೊಡೆಯುವ ಕೆಲಸ ಮಕ್ಕಳಿಗೆ ಬಿಡಿ. ನೀವು ರೆಫರಿ ಕುರ್ಚಿ ಹತ್ತಿ ಸೀಟಿ ಊದಿ. ಇಳಿಯುವಾಗ ಮಾತ್ರ ಹಾರಬೇಡಿ ಮೇಷ್ಟ್ರೇ!