ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಟರ್ಬೊ ಎಂಜಿನ್ನನ್ನು ತುಮಕೂರಿನ ಮನೆಯಲ್ಲೇ ಬಿಚ್ಚಿ ಕಟ್ಟಬಹುದಾ?
ಬಿಚ್ಚೋದು, ಜೋಡಿಸೋದು ಮನೆ ಶೆಡ್ಡಲ್ಲೇ ಆಗುತ್ತದೆ. ಬೋರಿಂಗ್ (ಸಿಲಿಂಡರ್ ಒಳಮೈ ಕೊರೆಯೋದು), ಹೆಡ್ ಫೇಸಿಂಗ್ (ಎಂಜಿನ್ ಮೇಲಿನ ಹೆಡ್‌ನ ಅಡಿಮೈ ಸಮ ಮಾಡೋದು) ಮಾತ್ರ ಅಂತರಸನಹಳ್ಳಿ ಕಡೆ ಯಾವುದಾದರೂ ಒಳ್ಳೆ ಲೇತ್‌ನವರಿಗೆ ಕೊಡಿ.

ಈ 1781 ಸಿಸಿ, 20 ವಾಲ್ವಿನ ಎಂಜಿನ್‌ನಲ್ಲಿ ಮೊದಲು ಸಂಪ್, ಅಂದರೆ ಅಡಿಯಲ್ಲಿರುವ ಆಯಿಲ್ ತೊಟ್ಟಿ, ಇಳಿಸಿ ನೋಡಿ. ಆಯಿಲ್ ಹೀರುವ ಜಾಲರಿಯಲ್ಲಿ ಕಾಫಿ ಚರಟದ ಹಾಗೆ ಕಪ್ಪು ಗಸಿ ಕೂತಿರುತ್ತದೆ. ಬೇರಿಂಗ್, ಟರ್ಬೊ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪ್ ಕೂಡ ಒಳಗೇ ಕರಕಲು ಕಟ್ಟುತ್ತದೆ. ತೊಳೆಯಬೇಡಿ, ಹೊಸದು ಹಾಕಿ. ಅಲ್ಲಿ ದುಡ್ಡು ಉಳಿಸಲು ಹೋಗಿ ಹೊಸ ಟರ್ಬೊನೇ ಕಳೆದುಕೊಂಡವನು ನಾನು!

ಹೆಡ್ ಬೋಲ್ಟ್ ಬಿಗಿದಾಗ ಹಿಗ್ಗುತ್ತವೆ, ಹಳೆಯವು ಬೇಡ. ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು, ಕಾಯಿಲ್, ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ಲೈಟ್ ಆರುವ ತನಕ ಸುಮ್ನೆ ಕ್ರ್ಯಾಂಕ್ ಮಾಡಿ, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ.